ಒಂದೂಕಾಲು ಗುಂಟೆ ಬಟಾಟಿ

‘ದಿ ಮಾರ್ಷಿಯನ್’ ಕಾದಂಬರಿ ನಮ್ಮ ಐಟಿ ಮಂದಿಗೆ ಒಂಥರಾ ಮನೆದೇವರು. ನಮ್ಮ ಟೀಮಲ್ಲಿ ಅದನ್ನ ಓದದವರು ಸಿನಿಮಾನಾದರೂ ನೋಡಿದ್ದಾರೆ, ಸಿನಿಮಾನೂ ನೋಡದವರು ನೋಡಿದ ಹಾಗೆ ಮಾತಾಡ್ತಾರೆ. ಬರೆದ ಆ್ಯಂಡಿ ವಿಯರ್ ಕೂಡ ನಮ್ಮ ಕುಲದವನೇ, ಪ್ರೋಗ್ರಾಮರ್. ಪ್ರಕಾಶಕರ ಹಿಂದೆ ಅಲೆಯೋದು ಬಿಟ್ಟು ತನ್ನದೇ ವೆಬ್‌ಸೈಟಲ್ಲಿ ಒಂದೊಂದೇ ಅಧ್ಯಾಯ ಹಾಕುತ್ತಾ ಹೋದ. ಓದಿದವರು ಸುಮ್ಮನೆ ‘ಸೂಪರ್’ ಅಂದು ಹೋಗಲಿಲ್ಲ. ನಿನ್ನ ರಸಾಯನಶಾಸ್ತ್ರ ಇಲ್ಲಿ ತಪ್ಪಿದೆ, ಈ ಲೆಕ್ಕ ಕೂಡೋದಿಲ್ಲ ಅಂತ ಮೇಲ್ ಬರೆದರು, ಅವನು ತಿದ್ದಿದ. ಅಂದರೆ ಪುಸ್ತಕ ಅಚ್ಚಾಗೋ ಮೊದಲೇ ಅದಕ್ಕೆ ಕೋಡ್ ರಿವ್ಯೂ ಆಗಿತ್ತು! 2011ರಲ್ಲಿ ಕಿಂಡಲ್‌ನಲ್ಲಿ 99 ಸೆಂಟ್‌ಗೆ ಇಟ್ಟ, 2014ರಲ್ಲಿ ದೊಡ್ಡ ಪ್ರಕಾಶಕರು ಅಚ್ಚು ಹಾಕಿದರು, 2015ರಲ್ಲಿ ರಿಡ್ಲಿ ಸ್ಕಾಟ್ ಸಿನಿಮಾ ಮಾಡಿದ.

ಕತೆ ಗೊತ್ತಿಲ್ಲದವರಿಗೆ ನಾಕು ಸಾಲು. ಮಂಗಳಕ್ಕೆ ಆರು ಜನ ಹೋಗ್ತಾರೆ. ಆರನೇ ದಿನ ಬಿರುಗಾಳಿ ಎದ್ದು ವಾಪಸ್ ಹೊರಡಬೇಕಾಗುತ್ತೆ. ಮಾರ್ಕ್ ವಾಟ್ನಿ ಅನ್ನೋನು ಸತ್ತ ಅಂತ ತಿಳಿದು ಉಳಿದ ಐವರು ಹೊರಟುಬಿಡ್ತಾರೆ. ಇವನು ಸತ್ತಿರೋದಿಲ್ಲ. ಸಸ್ಯಶಾಸ್ತ್ರ ಓದಿದವನು, ಮಂಗಳದ ಮಣ್ಣಲ್ಲಿ ಆಲೂಗಡ್ಡೆ ಬೆಳೆದು, ಸುಮಾರು ಒಂದೂವರೆ ವರ್ಷ ಒಬ್ಬನೇ ಬದುಕ್ತಾನೆ.

ಬೆಂಗಳೂರಲ್ಲಿ ಈ ಪುಸ್ತಕದ ಬಗ್ಗೆ ನಾನು ಕೇಳಿದ ಅಭಿಪ್ರಾಯ ಹೆಚ್ಚುಕಡಿಮೆ ಒಂದೇ: ‘ಏನ್ ಪ್ರಾಬ್ಲಂ ಸಾಲ್ವಿಂಗ್ ಗುರೂ!’ ನನ್ನದೂ ಅದೇ ಆಗಿತ್ತು. ಆಮೇಲೆ 2020 ಬಂತು. ಲಾಕ್‌ಡೌನ್ ಅಂತ ಲ್ಯಾಪ್‌ಟಾಪ್ ಎತ್ತಿಕೊಂಡು ಹುನಗುಂದ ತಾಲೂಕಿನ ನಮ್ಮೂರಿಗೆ ಬಂದವನು ವರ್ಷಕ್ಕೂ ಮೀರಿ ಅಲ್ಲೇ ಉಳಿದೆ. ನೆಟ್‌ವರ್ಕ್ ಮಾಳಿಗಿ ಮೇಲೆ ಮಾತ್ರ. ಸಂಜೆ ಕಾಲ್ ಮುಗಿಸಿ ಕೆಳಗಿಳಿದರೆ ಕಟ್ಟೆ ಮೇಲೆ ಕೂತವರಿಗೆಲ್ಲ ಒಂದೇ ಪ್ರಶ್ನೆ, ‘ಏನರ ಹೊಸಾದು ಹೇಳಪಾ.’ ಕೊರೊನಾ ಲೆಕ್ಕ ಕೇಳಿ ಕೇಳಿ ಎಲ್ಲರಿಗೂ ಸಾಕಾಗಿತ್ತು. ನಾನು ವಾಟ್ನಿಯ ಕತೆ ಶುರು ಮಾಡಿದೆ, ದಿನಕ್ಕೊಂದು ಕಂತು.

ಮೊದಲ ವಿಮರ್ಶಕ ನಮ್ಮ ಸೋದರಮಾವ. ಎಂಟೆಕರೆ ಎರಿ ಹೊಲದ ಒಕ್ಕಲುತನ, ಓದಿದ್ದು ನಾಲ್ಕನೇ ಇಯತ್ತೆ. ಮಂಗಳದ ಮಣ್ಣು ಕೆಂಪು ಅಂದ ಕೂಡಲೇ ಕೈ ಅಡ್ಡ ಹಿಡಿದ. ‘ಹಂಗಾರ ಮಸಾರಿ ಅನ್ನು. ನೀರು ಹಿಡಿಯಂಗಿಲ್ಲ ಅದು. ಎಷ್ಟು ಹೊಲಾ ಮಾಡ್ಯಾನ?’

ನಾನು ಫೋನಲ್ಲೇ ಲೆಕ್ಕ ಹಾಕಿದೆ. ಡೇರೆಯ ಒಳಗೂ ಅಕ್ಕಪಕ್ಕದ ಸಣ್ಣ ಗುಡಾರಗಳ ಒಳಗೂ ಸೇರಿ 126 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಒಂದೂಕಾಲು ಗುಂಟೆ. ಮಣ್ಣಿನ ದಪ್ಪ ಹತ್ತು ಸೆಂಟಿಮೀಟರ್, ಒಂದು ಘನ ಮೀಟರಿಗೆ 40 ಲೀಟರ್ ನೀರು, ಒಟ್ಟು 500 ಲೀಟರ್ ಚಿಲ್ಲರೆ. ನೀರನ್ನ ರಾಕೆಟ್ಟಿನ ಇಂಧನ ಒಡೆದು, ಅದರಲ್ಲಿನ ಹೈಡ್ರೋಜನ್ ಸುಟ್ಟು ಮಾಡಿಕೊಳ್ತಾನೆ ಅಂದೆ. ಇದಕ್ಕೆ ನಮ್ಮ ಆಫೀಸಲ್ಲಿ ಎಲ್ಲರೂ ಹುಬ್ಬೇರಿಸಿದ್ದರು. ಮಾವ ಹುಬ್ಬೇರಿಸಲಿಲ್ಲ. ‘ನೀರು ಹೆಂಗ ಮಾಡಿದ ಅನ್ನೂದು ದೊಡ್ಡ ಮಾತಲ್ಲ. ಮಾಡಿದ ನೀರು ಹೊಲದಾಗ ಹೆಂಗ ನಿಂದರಿಸಿದ ಅದನ್ನ ಹೇಳು’ ಅಂದ.

ಆ ಮಾತು ಹುನಗುಂದದವರ ಬಾಯಲ್ಲಿ ಬರಬೇಕಾದ್ದೇ. ನಮ್ಮ ಕಡೆ ಹೊಲಕ್ಕೆ ಒಡ್ಡು ಹಾಕಿ, ಹೆಚ್ಚಾದ ನೀರು ಒಡ್ಡು ಒಡೆಯದ ಹಾಗೆ ದಾಟಿಹೋಗಲಿ ಅಂತ ಕಲ್ಲಿನ ಗುಂಡಾವರ್ತಿ ಕಟ್ಟುತ್ತಾರೆ. ಮುಂಗಾರಿನ ನೀರನ್ನ ಕರಿ ಮಣ್ಣಿಗೆ ಕುಡಿಸಿ, ಹಿಂಗಾರಿಗೆ ಬಿಳಿಜೋಳ, ಕಡ್ಲಿ ಬಿತ್ತಿದರೆ ಆಮೇಲೆ ಮಳೆ ಬರದಿದ್ದರೂ ಬೆಳೆ ಆ ಹಸಿಯಲ್ಲೇ ತೆನೆ ಕಟ್ಟುತ್ತೆ. ವಾಟ್ನಿಯ ಡೇರೆಯಲ್ಲಿ ನೀರು ಎಲ್ಲೂ ಓಡಿಹೋಗೋದಿಲ್ಲ, ಆವಿಯಾದದ್ದನ್ನ ಯಂತ್ರ ಮತ್ತೆ ಹಿಡಿದು ಕೊಡುತ್ತೆ ಅಂತ ವಿವರಿಸಿದ ಮೇಲೆ ಮಾವನಿಗೆ ಸಮಾಧಾನ ಆಯ್ತು. ಸಮಾಧಾನ ಆದ ಮೇಲೆ ಕೇಳಿದ ಪ್ರಶ್ನೆ ಇದು:

‘ಎಲ್ಲಾ ಬಟಾಟಿನs ಹಾಕ್ಯಾನನು? ಅಕ್ಕಡಿ ಇಲ್ಲಾ, ಏನಿಲ್ಲಾ? ಎಲ್ಲಾ ಬೀಜಾ ಒಂದs ಛಾವಣಿ ಕೆಳಗ? ಮುಳುಗಿದ ಬಿಡು ಅಂವ.’

ನಾನು ಸುಮ್ಮನಿದ್ದೆ. ಯಾಕಂದರೆ ಮುಂದೆ ಆಗೋದೇ ಅದು. ಡೇರೆಯ ಬಾಗಿಲು ಕಿತ್ತು ಹಾರಿ, ಒಳಗಿನ ಗಾಳಿಯೆಲ್ಲ ಹೊರಗೆ ಹೋಗಿ, ಒಂದೇ ಏಟಿಗೆ ಇಡೀ ಬೆಳೆ ಹೆಪ್ಪುಗಟ್ಟಿ ಸಾಯುತ್ತೆ. ಆ ಕಂತು ಹೇಳಿದ ದಿನ ಕಟ್ಟೆ ಮೇಲಿದ್ದವರೆಲ್ಲ ಮಾವನ ಕಡೆ ತಿರುಗಿದರು. ಮಾವ ಗೆದ್ದೆ ಅನ್ನಲಿಲ್ಲ. ‘ಹಗೇದಾಗ ಒಂದೀಟು ಬೀಜಾ ಬ್ಯಾರೆ ಇಡಬೇಕಾಗಿತ್ತು ಪಾಪ’ ಅಂದ. ಸರ್ವರ್ ಬ್ಯಾಕಪ್ ಒಂದೇ ಕಡೆ ಇಡಬೇಡಿ ಅಂತ ಪವರ್‌ಪಾಯಿಂಟ್ ಹಾಕಿ ನಾವು ಹೇಳೋದೂ ಇದನ್ನೇ.

ಎರಡನೇ ವಿಮರ್ಶಕ ಇಳಕಲ್ಲಿನ ದೋಸ್ತ, ನನ್ನ ಜೊತೆ ಪಿಯುಸಿ ತನಕ ಓದಿದವನು. ಅಪ್ಪನ ಕುಣಿ ಮಗ್ಗ ಈಗ ಇವನದು. ಆ ದಿನಗಳಲ್ಲಿ ನೂಲು ಬರ್ತಿರಲಿಲ್ಲ, ಸೀರೆ ಹೋಗ್ತಿರಲಿಲ್ಲ, ಮಗ್ಗ ನಿಂತಿತ್ತು. ಟೈಮ್ ಇತ್ತಲ್ಲ, ಮೊಬೈಲಲ್ಲಿ ಸಿನಿಮಾ ನೋಡಿದ. ಆ ಬಾಗಿಲು ಯಾಕೆ ಹಾರಿಹೋಯ್ತು ಅಂತ ನನ್ನನ್ನೇ ಕೇಳಿ, ನಾನು ಬಾಯಿ ತೆರೆಯೋ ಮೊದಲೇ ಉತ್ತರನೂ ಹೇಳಿದ: ‘ಜೋಡಿನಾಗ ಹರದಿರಾಕಿಲ್ಲ. ದಿನಾ ತಿಕ್ಕೂ ಕಡೆ ಹರದಿರತೈತಿ.’

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಅವನ ಹೆಂಡತಿ ಆ ಕೆಲಸಕ್ಕೆ ಕೂತರೆ ಮಾತಾಡಿಸೋ ಹಾಗಿಲ್ಲ. ಅಷ್ಟು ಜೋಪಾನ ಮಾಡಿದ ಜೋಡು ಹರಿಯೋದಿಲ್ಲ, ಹರಿಯೋದು ಉಡುವಾಗ ದಿನಾ ಮಡಿಕೆ ಬೀಳೋ ಜಾಗ ಅಂತ ಅವನ ವಾದ. ಪುಸ್ತಕ ತೆಗೆದು ತೋರಿಸಿದೆ. ವಿಯರ್ ಬರೆದಿರೋದೂ ಅದೇ: ವಾಟ್ನಿ ಮೂರು ಬಾಗಿಲಲ್ಲಿ ಹತ್ತಿರದ್ದು ಅಂತ ಒಂದನ್ನೇ ಮತ್ತೆ ಮತ್ತೆ ಬಳಸಿ, ಅದರ ಸುತ್ತಲಿನ ಬಟ್ಟೆ ಒತ್ತಡಕ್ಕೆ ಹಿಗ್ಗಿ ಕುಗ್ಗಿ ಸವೆದಿತ್ತು. ದೋಸ್ತ ಪುಸ್ತಕ ಮುಚ್ಚಿ ಕೊಟ್ಟು, ‘ಬರದಾಂವ ನೇಕಾರ ಇರಬೇಕು ನೋಡು’ ಅಂದ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಆ ಲೇಖಕನಿಗೆ ಯಾವ ಪತ್ರಿಕೆಯೂ ಕೊಟ್ಟಿರಲಿಕ್ಕಿಲ್ಲ.

ಬಾದಾಮಿಯ ಅಭಿಪ್ರಾಯ ಇಷ್ಟು ಮೆತ್ತಗಿರಲಿಲ್ಲ. ದೊಡ್ಡಪ್ಪನ ಮಗ ಅಣ್ಣ ಅಲ್ಲಿ ಹೈಸ್ಕೂಲಿನ ವಿಜ್ಞಾನ ಮಾಸ್ತರ. ಧಾರವಾಡದಲ್ಲಿ ಓದುವಾಗ ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಾದಂಬರಿಗಳ ಹುಚ್ಚು ಹತ್ತಿಸಿಕೊಂಡವನು. ಇಂಗ್ಲಿಷಲ್ಲೇ ಪುಸ್ತಕ ಓದಿ ಮುಗಿಸಿ, ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ನನ್ನನ್ನ ಕೂರಿಸಿಕೊಂಡು ಪಾಠ ಮಾಡಿದ. ಎದುರಿಗೆ ಕೆಂಪು ಬಂಡೆ. ಈ ಕೆಂಪಿಗೂ ಮಂಗಳದ ಕೆಂಪಿಗೂ ಕಾರಣ ಒಂದೇ, ಕಬ್ಬಿಣದ ತುಕ್ಕು, ಅಲ್ಲಿಗೆ ಹೋಲಿಕೆ ಮುಗೀತು ಅಂದ.

‘ಪುಸ್ತಕದಾಗ ತಾಸಿಗೆ 175 ಕಿಲೋಮೀಟರ್ ಗಾಳಿ. ಆದರ ಮಂಗಳದ ಹವಾದ ಒತ್ತಡ ನಮ್ಮದರಾಗ ನೂರಕ್ಕ ಒಂದಕ್ಕಿಂತ ಕಡಿಮಿ. ಸಾಂದ್ರತಾ ಹಿಡದ್ರ ಅರವತ್ತರಾಗ ಒಂದು. ಗಾಳಿ ದಬ್ಬೂದು ವೇಗದ ವರ್ಗಕ್ಕ ಸರಿಯಾಗಿ. ಹಂಗಾರ ಆ ಬಿರುಗಾಳಿ ನಮ್ಮಲ್ಲಿ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಗಾಳಿ ಇದ್ದಂಗ. ಅಷ್ಟು ಗಾಳ್ಯಾಗ ಕಣದಾಗ ಜ್ವಾಳಾ ತೂರಬಹುದು, ರಾಕೆಟ್ ಉರುಳಸಾಕ ಆಗೂದಿಲ್ಲ.’

ಈ ಆಕ್ಷೇಪ ಜಗತ್ತಿನ ಓದುಗರೆಲ್ಲ ಎತ್ತಿದ್ದೇ. ಲೇಖಕ ಕೂಡ ಗೊತ್ತಿದ್ದೇ ಮಾಡಿದೆ, ಕತೆಗೆ ಬೇಕಿತ್ತು ಅಂತ ಒಪ್ಪಿಕೊಂಡಿದ್ದಾನೆ. ಇನ್ನೊಂದು ತಕರಾರು ಮಣ್ಣಿನದು. ಮಂಗಳದ ಮಣ್ಣಲ್ಲಿ ಪರ್ಕ್ಲೋರೇಟ್ ಅನ್ನೋ ವಿಷಕಾರಿ ಲವಣ ಇದೆ ಅಂತ 2008ರಲ್ಲೇ ನಾಸಾದ ಫೀನಿಕ್ಸ್ ನೌಕೆ ಕಂಡುಕೊಂಡಿತ್ತು. ನೀರಲ್ಲಿ ತೊಳೆದರೆ ಹೋಗುತ್ತೆ ನಿಜ, ವಾಟ್ನಿ ತೊಳೆಯೋದೇ ಇಲ್ಲ. ಅಣ್ಣ ಅದಕ್ಕೂ ಅಂಕ ಕಳೆದ. ಒಟ್ಟು ನೂರಕ್ಕೆ ಎಪ್ಪತ್ತು. ‘ಆದರ ನಮ್ಮ ಹುಡುಗೂರಿಗೆ ಓದಸಾಕs ಬೇಕು. ತಪ್ಪು ಹುಡುಕ್ಕೋತ ಹುಡುಕ್ಕೋತ ಫಿಜಿಕ್ಸ್ ಕಲೀತಾವ.’ ಕನ್ನಡದಲ್ಲಿ ಸಿಕ್ಕಿದ್ದರೆ ಎಷ್ಟು ಚಲೋ ಇತ್ತು ಅಂತ ಇಬ್ಬರೂ ಅಂದುಕೊಂಡೆವು.

ಬಾಗಲಕೋಟೆಯ ಕಾಕಾ ವಿಜ್ಞಾನಕ್ಕೆ ಕೈ ಹಾಕಲೇ ಇಲ್ಲ. ಬ್ಯಾಂಕಿನಿಂದ ನಿವೃತ್ತರು, ನವನಗರದಲ್ಲಿ ಮನೆ. ಹುಟ್ಟಿ ಬೆಳೆದ ಹಳೇ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯ್ತು. ನಾನು ಬಾಗಲಕೋಟೆಯಲ್ಲಿ ಬಿಇ ಓದುವಾಗ ಅವರ ಸೆಕ್ಟರಿನ ಮನೆಗೆ ಊಟಕ್ಕೆ ಹೋಗ್ತಿದ್ದೆ. ಎಲ್ಲ ರಸ್ತೆ ನೆಟ್ಟಗೆ, ಎಲ್ಲ ಮನೆಗೂ ನಂಬರು. ಕಾಕಾ ಮಾತ್ರ ಇವತ್ತಿಗೂ ವಿಳಾಸ ಹೇಳುವಾಗ ಮುಳುಗಿದ ಓಣಿಯ ಹೆಸರಿಂದಲೇ ಶುರು ಮಾಡ್ತಾರೆ.

ಅವರ ಅಭಿಪ್ರಾಯ ಒಂದೇ ಸಾಲು: ‘ಈ ಮನಷ್ಯಾ ಭಾಳ ನಗತಾನ.’ ವಾಟ್ನಿ ಒಳಗೆ ಏನೂ ಆಗದವನ ಹಾಗೆ ಸದಾ ಜೋಕ್ ಹೊಡೀತಾನೆ, ಅವನಿಗೆ ಒಳಗು ಅನ್ನೋದೇ ಇಲ್ಲ ಅಂತ ಬೇಕಾದಷ್ಟು ಓದುಗರು ದೂರಿದ್ದಾರೆ. ನಾನು ಅದನ್ನ ಸಾಹಿತ್ಯದವರ ಗೊಣಗಾಟ ಅಂದುಕೊಂಡಿದ್ದೆ. ಕಾಕಾ ಹೇಳಿದಾಗ ಹಾಗೆ ತಳ್ಳಿಹಾಕೋಕೆ ಆಗಲಿಲ್ಲ. ಆಲಮಟ್ಟಿಯ ನೀರಿನ ಮಟ್ಟ ಈಗ 519.60 ಮೀಟರ್, ಅದನ್ನ 524.256ಕ್ಕೆ ಏರಿಸೋ ಮಾತು ವರ್ಷಗಟ್ಟಲೆಯಿಂದ ನಡೆದಿದೆ. ನೀರು ಎಲ್ಲಿವರೆಗೆ ಬರಬಹುದು ಅಂತ ಮೀಟರಿನ ಲೆಕ್ಕದಲ್ಲಿ ಬದುಕಿದವರು ಅವರು. ಆದರೆ ಪಕ್ಕದಲ್ಲಿ ಕೂತಿದ್ದ ಕಾಕು ಬಿಡಲಿಲ್ಲ. ‘ನಗದs ಏನ್ ಮಾಡ್ಬೇಕಾಗಿತ್ತರಿ? ಮನಿ ಬಿಟ್ಟು ಬರಾಕತ್ತಿದ ದಿನ ನೀವೂ ಟೆಂಪೋದಾಗ ಕುಂತು ಚೇಷ್ಟಿ ಮಾಡಿದ್ರಿ, ಮರತೀರೇನು?’ ಕಾಕಾ ಕಿಟಕಿ ಕಡೆ ನೋಡಿದರು. ಆ ಚರ್ಚೆ ಅಲ್ಲಿಗೇ ನಿಂತಿತು.

ದುಡ್ಡಿನ ಪ್ರಶ್ನೆ ಎಲ್ಲ ಕಡೆ ಬಂತು. ಒಬ್ಬನ್ನ ಕರೆತರೋಕೆ ಅಷ್ಟು ಕೋಟಿ ಯಾಕೆ? ನಮ್ಮ ಮಂಗಳಯಾನಕ್ಕೆ ಆದದ್ದು 450 ಕೋಟಿ, ಆ ಸಿನಿಮಾದ ಖರ್ಚೇ ಅದಕ್ಕಿಂತ ಹೆಚ್ಚು ಅಂತ ನಾನು ಹೇಳಿದರೆ ಎಲ್ಲರಿಗೂ ಖುಷಿ. ಅದೇ ಹೊತ್ತಿಗೆ ಊರೂರಿಗೆ ಗುಳೆ ಹೋದವರು ನಡಕೊಂಡೇ ವಾಪಸ್ ಬರ್ತಿದ್ದ ಸುದ್ದಿ ಟಿವಿಯಲ್ಲಿ. ‘ಇವರನ್ನ ಕರಕೊಂಡು ಬರಾಕ ಯಾವ ರಾಕೆಟ್ ಐತಿ?’ ಅಂತ ಮಾವ ಒಂದು ದಿನ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ, ಆ ದಿನ ಕತೆ ಮುಂದುವರಿಸಲಿಲ್ಲ.

ಅವ್ವ ಕಟ್ಟೆಗೆ ಬರ್ತಿರಲಿಲ್ಲ. ಒಳಗೆ ರೊಟ್ಟಿ ಬಡೀತಾ ಕೇಳಿಸಿಕೊಳ್ತಿದ್ದಳು ಅನ್ನೋದು ನನಗೆ ಗೊತ್ತಾಗಿದ್ದೇ ಕೊನೆಯ ಕಂತಿನ ದಿನ. ವಾಟ್ನಿ ನಡುವೆ ಒಮ್ಮೆ ಜೊತೆಗಾರನೊಬ್ಬನಿಗೆ, ನಾನು ಸತ್ತರೆ ನಮ್ಮ ಅಪ್ಪ ಅಮ್ಮನ್ನ ನೋಡಿ ಬಾ ಅಂತ ಬರೀತಾನೆ. ಅದು ಬಿಟ್ಟರೆ ಆ ತಂದೆ ತಾಯಿಗೆ ಇಡೀ ಪುಸ್ತಕದಲ್ಲಿ ಸಿಕ್ಕಿರೋ ಜಾಗ ತೀರಾ ಕಡಿಮೆ. ಕೊನೆಗೆ ಐವರೂ ಹಡಗು ತಿರುಗಿಸಿಕೊಂಡು ಹೋಗಿ ಅವನನ್ನ ಎತ್ತಿಕೊಳ್ತಾರೆ. ಅವನು ಹಡಗಿನೊಳಗೆ ಬಂದ, ಪುಸ್ತಕ ಮುಗೀತು ಅಂದೆ. ಕಟ್ಟೆ ಮೇಲೆ ಚಪ್ಪಾಳೆ.

‘ಮನಿಗಿ ಬಂದ್ನಿಲ್ಲೋ?’ ಒಳಗಿಂದ ಅವ್ವನ ದನಿ.

ಸಿನಿಮಾದಲ್ಲಿ ಭೂಮಿಗೆ ಬಂದದ್ದು ತೋರಿಸ್ತಾರೆ, ಪುಸ್ತಕದಲ್ಲಿ ಇಲ್ಲ ಅಂದೆ.

‘ಹಂಗಾರ ಮುಗದಿಲ್ಲ ಬಿಡು ಕತಿ. ಅವರ ಅವ್ವ ಇನ್ನs ಬಾಗಲದಾಗ ಕುಂತಿರತಾಳ.’

ಲಕ್ಷಗಟ್ಟಲೆ ಜನ ಓದಿದ ಪುಸ್ತಕದ ಬಗ್ಗೆ ಇಂಥದ್ದೊಂದು ಮಾತನ್ನ ನಾನು ಎಲ್ಲೂ ಓದಿರಲಿಲ್ಲ. ಆ ವಾರವೇ ಕಂಪನಿಯಿಂದ ಮೇಲ್ ಬಂದಿತ್ತು, ಮುಂದಿನ ತಿಂಗಳಿಂದ ಆಫೀಸಿಗೆ ಬನ್ನಿ ಅಂತ. ಮೂರು ದಿನದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಅಪ್ಪನಿಗೆ ಮಂಡಿ ನೋವು, ಅವ್ವನ ಶುಗರ್ ಗುಳಿಗೆ ತರೋದು ನಾನೇ, ಇಬ್ಬರಿಗೂ ನಾನೊಬ್ಬನೇ. ಬೆಂಗಳೂರಿಗೆ ಬನ್ನಿ ಅಂದರೆ ನಾಲ್ಕನೇ ಮಹಡಿಯಲ್ಲಿ ಕೂತು ಏನ್ ಮಾಡೂದು ಅಂತಾರೆ. ಊರಲ್ಲೇ ಇರ್ತೀನಿ ಅಂದರೆ ಮನೆ ಸಾಲದ ಕಂತು ಕೇಳಬೇಕು. ಇದು ನನ್ನೊಬ್ಬನ ಸಮಸ್ಯೆ ಅಲ್ಲ, ಇದನ್ನ ಓದ್ತಿರೋ ನಿಮ್ಮಲ್ಲಿ ಅರ್ಧ ಜನರದ್ದು. ವಾಟ್ನಿಯ ಹಾಗೆ ಇದನ್ನ ಲೀಟರು, ಕ್ಯಾಲರಿ ಅಂತ ಒಡೆದು ಬಿಡಿಸೋಕೆ ನನಗಂತೂ ಬರೋದಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಮೇಲ್ ವಿಷಯ ಹೇಳಿದೆ. ಅವ್ವ ರೊಟ್ಟಿ ಹಾಕಿ, ಮೇಲೆ ಬಟಾಟಿ ಪಲ್ಯ ಹಾಕಿ, ಯಾವ ತಾರೀಕಿಗೆ ಅಂತಷ್ಟೇ ಕೇಳಿದಳು.