ಚೆನ್ನೈ ಎಷ್ಟು ಹೊತ್ತು?

"ಪ್ಯಾರಿಸ್ ಏನು ದೂರ ಮಾಮ, ವಿಮಾನದಲ್ಲಿ ಒಂದೂಕಾಲು ಗಂಟೆ" ಅಂದ ಅಕ್ಕನ ಮಗ, ಅವನಿರುವುದು ಲಂಡನ್ನಿನಲ್ಲಿ. ಭೂಪಟದ ಮೇಲೆ ನೇರ ಗೆರೆ ಎಳೆದರೆ ಆ ಎರಡು ಊರುಗಳ ನಡುವೆ ಸುಮಾರು 340 ಕಿಲೋಮೀಟರ್. ನಮ್ಮ ಹಲಸೂರಿನಿಂದ ಚೆನ್ನೈಗೆ 290ರ ಆಸುಪಾಸು. ಹಾಗಾದರೆ ನಾವೇ ವಾಸಿ ಎಂದು ಬೀಗಿದೆ.

ಆ ಬೀಗು ಇಳಿದದ್ದು ಚೆನ್ನೈಯ ಒಂದು ಮದುವೆಗೆ ಹೊರಟಾಗ. ಒಂಬತ್ತರ ವಿಮಾನಕ್ಕೆ ಐದಕ್ಕೇ ಮನೆ ಬಿಟ್ಟೆ. ಕೆ.ಆರ್. ಪುರದಲ್ಲಿ ಅಕ್ಕನನ್ನು ಹತ್ತಿಸಿಕೊಂಡು ಟಿನ್ ಫ್ಯಾಕ್ಟರಿ ದಾಟುವುದರೊಳಗೆ ಬೆಳಕಾಯಿತು. ರಿಂಗ್ ರೋಡಿನುದ್ದಕ್ಕೂ ಮೆಟ್ರೋ ಕಂಬಗಳು, ಅವುಗಳ ಅಕ್ಕಪಕ್ಕ ನಿಂತೇ ಇರುವ ಲಾರಿಗಳು. ವಿಮಾನದಲ್ಲಿ ತಿನ್ನಲೆಂದು ಅಕ್ಕ ತಂದಿದ್ದ ಚಿತ್ರಾನ್ನದ ಡಬ್ಬಿ ಹೆಬ್ಬಾಳ ಬರುವಷ್ಟರಲ್ಲಿ ಖಾಲಿ. ತಳದಲ್ಲಿ ನಾಲ್ಕು ಕಡಲೆಬೀಜ, ಒಂದು ಕರಿಬೇವಿನ ಎಲೆ. ಟಿಕೆಟ್ಟಿನಲ್ಲಿದ್ದದ್ದು ಒಂದು ಗಂಟೆ. ಅದರಲ್ಲೂ ವಿಮಾನ ನೆಲದ ಮೇಲೆ ತೆವಳುವ ಹೊತ್ತು ಸೇರಿರುತ್ತದೆ. ಆಕಾಶದಲ್ಲಿದ್ದದ್ದು ನಲವತ್ತೇ ನಿಮಿಷ. ಲಂಡನ್ನಿನ ಹುಡುಗನೂ ಮನೆಯಿಂದ ಹೀಥ್ರೂ ತಲುಪುವ ಹೊತ್ತನ್ನು ಲೆಕ್ಕದಿಂದ ಜಾರಿಸಿದ್ದ ಎಂದು ಆಗ ಹೊಳೆಯಿತು.

2008ರ ಮೇ ತಿಂಗಳವರೆಗೆ ನಮ್ಮದೂ ಸುಖವೇ. ಎಚ್‌ಎಎಲ್ ನಿಲ್ದಾಣಕ್ಕೆ ಹಲಸೂರಿನಿಂದ ಆಟೋ ಸಾಕಿತ್ತು. ಇಂದಿರಾನಗರದ ನೆಂಟರ ಮನೆಯಲ್ಲಿ ತಲೆಯ ಮೇಲೆ ವಿಮಾನ ಹಾದರೆ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು, ಅದು ಹೋದ ಮೇಲೆ ಅದೇ ಪದದಿಂದ ಮುಂದುವರಿಯುತ್ತಿತ್ತು. ವಿಮಾನಗಳು ದೇವನಹಳ್ಳಿಗೆ ಹೋದವು, ಓಲ್ಡ್ ಏರ್‌ಪೋರ್ಟ್ ರೋಡ್ ಎಂಬ ಹೆಸರು ಇಲ್ಲೇ ಉಳಿಯಿತು. ಚೆನ್ನೈ ಮಾತ್ರ ಒಂದಿಂಚೂ ಜರುಗಲಿಲ್ಲ.

ಇಂಚು ಎಂದದ್ದು ಸುಮ್ಮನೆ ಅಲ್ಲ. 1802ರಲ್ಲಿ ಬ್ರಿಟಿಷ್ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಪರಂಗಿಮಲೆಯ ಬಳಿ ನೂರಡಿ ಉದ್ದದ ಉಕ್ಕಿನ ಸರಪಳಿ ಹಾಸಿ, ಏಳೂವರೆ ಮೈಲಿಯನ್ನು 57 ದಿನ ಅಳೆದ. ಅಲ್ಲಿಂದ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ಬೆಂಗಳೂರಿಗೆ ಬಂದ. 1804ರಲ್ಲಿ ಇಲ್ಲೂ ಸರಪಳಿ ಹಾಸಿ ಒಂದು ಗೆರೆ ಅಳೆದು ತಾಳೆ ನೋಡಿದರೆ, ಲೆಕ್ಕಕ್ಕೂ ನೆಲಕ್ಕೂ ನಾಲ್ಕು ಇಂಚಿನಷ್ಟೂ ವ್ಯತ್ಯಾಸವಿಲ್ಲ! ಅದೇ ಪರಂಗಿಮಲೆ ಈಗ ಚೆನ್ನೈ ವಿಮಾನ ನಿಲ್ದಾಣದ ಪಕ್ಕದಲ್ಲಿದೆ. ಅದನ್ನು ನೋಡುತ್ತ ಇಳಿದ ನಾನು ಮುಹೂರ್ತಕ್ಕೆ ಎಷ್ಟು ತಡವಾಗಿ ಮುಟ್ಟುತ್ತೇನೆಂದು ಗಂಟೆಯ ಲೆಕ್ಕದಲ್ಲೂ ಹೇಳಲಾರದೆ ಕೂತಿದ್ದೆ.

ವಾಪಸು ಬರುವಾಗ ಅಕ್ಕ ಹಟ ಹಿಡಿದು ಲಾಲ್‌ಬಾಗ್ ಎಕ್ಸ್‌ಪ್ರೆಸ್ ಹತ್ತಿಸಿದಳು. ಮದರಾಸಿನ ಕಡೆಯಿಂದ 1864ರಲ್ಲೇ ಕಂಟೋನ್ಮೆಂಟಿಗೆ ಬಂದ ಹಳಿ ಅದು. ಆರು ಗಂಟೆಯ ದಾರಿ, ಆದರೆ ಕಾಲು ಚಾಚಬಹುದು, ವಡೆ ಕೊಳ್ಳಬಹುದು. ಅವಳು ಕೆ.ಆರ್. ಪುರದಲ್ಲೇ ಇಳಿದು, ನಾನು ಕಂಟೋನ್ಮೆಂಟ್ ಮುಟ್ಟುವ ಮೊದಲೇ ಮನೆಯಿಂದ ಫೋನ್ ಮಾಡಿದಳು.

ನಿಲ್ದಾಣದ ಹೊರಗೆ ಆಟೋದವನನ್ನು ಕೇಳಿದೆ: "ಹಲಸೂರು ಎಷ್ಟಪ್ಪಾ?"

ಕಿಲೋಮೀಟರೂ ಹೇಳಲಿಲ್ಲ, ನಿಮಿಷವೂ ಹೇಳಲಿಲ್ಲ. "ಇನ್ನೂರು ಕೊಡಿ ಸಾರ್" ಅಂದ.