ನಮ್ಮನೆ ಲೆಕ್ಕ – 6: ಡೇಕೇರ್ ಫೀಸು ಯಾರ ಸಂಬಳದಿಂದ?

1/7

ದಸರಾ ರಜೆ ಮುಗೀತು, ಗ್ಯಾಲರೀಲಿ 412 ಫೋಟೋ ಉಳೀತು. ಅದ್ರಲ್ಲಿ ಹತ್ತು ಇಲ್ಲಿ ಹಾಕಿದ್ದೀನಿ, ಸ್ವೈಪ್ ಮಾಡ್ತಾ ಓದಿ.

ಹೊಸದಾಗಿ ಫಾಲೋ ಮಾಡಿರೋರಿಗೆ: ನಾನು ಬಿಕಾಂ ಓದೋಕೆ ಅಂತ ಅಕ್ಕನ ಮನೇಲಿದ್ದೀನಿ, ಯಲಹಂಕ ನ್ಯೂಟೌನ್. ಮನೇಲಿ ಒಟ್ಟು ಐದು ಜನ. ಅಕ್ಕ, ಭಾವ, ನಾಲ್ಕೂವರೆ ವರ್ಷದ ದೊಡ್ಡೋಳು, ಎರಡು ವರ್ಷದ ಚಿಕ್ಕೋನು, ಆಮೇಲೆ ಅವರಿಬ್ಬರ ಚಿಕ್ಕಿ ಆದ ನಾನು. ಅಕ್ಕ ಹೆಬ್ಬಾಳದ ಕಡೆ ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ಕೋತಾಳೆ. ಭಾವ ಪೀಣ್ಯದಲ್ಲಿ ಸೂಪರ್‌ವೈಸರ್.

ಈ ಸಲ ವಿಜಯದಶಮಿ, ಗಾಂಧಿ ಜಯಂತಿ ಎರಡೂ ಅಕ್ಟೋಬರ್ 2ಕ್ಕೇ ಬಂದು ನಮಗೆಲ್ಲ ಒಂದು ರಜೆ ಲಾಸ್ ಆಯ್ತು, ನೆನಪಿದೆಯಲ್ಲ? ನೀವು ಅದಕ್ಕೆ ಬೈಕೊಂಡ್ರಿ. ನಮ್ಮಕ್ಕ ಖುಷಿ ಪಟ್ಟಳು. ಯಾಕೆ ಅಂತ ಕೊನೆವರೆಗೂ ಓದಿ, ಗೊತ್ತಾಗುತ್ತೆ.

2/7

ಮೊದಲ್ನೇ ಫೋಟೋ: ನಮ್ಮನೆ ಗೊಂಬೆ. ಮೂರೇ ಮೆಟ್ಟಿಲು. ಕೆಳಗಡೆ ಮೆಟ್ಟಿಲ ಒಳಗೆ ಬಟ್ಟೆ ಮುಚ್ಕೊಂಡು ಕೂತಿರೋದು ನನ್ನ ಕಾರ್ಪೊರೇಟ್ ಅಕೌಂಟಿಂಗ್ ಪುಸ್ತಕ. ಈ ಸೆಮಿಸ್ಟರಲ್ಲಿ ಅದಕ್ಕೆ ಸಿಕ್ಕಿರೋ ಒಳ್ಳೇ ಉಪಯೋಗ ಇದೇ. ಮೇಲೆ ಪಟ್ಟದ ಗೊಂಬೆ, ರಾಜ ರಾಣಿ, ಅಜ್ಜಿ ಕೊಟ್ಟಿದ್ದು. ಮಧ್ಯ ಚನ್ನಪಟ್ಟಣದ ಗೊಂಬೆಗಳು. ಅರಗಿನ ಬಣ್ಣ ಅಂತ ಅಕ್ಕ ಧೈರ್ಯವಾಗಿ ಇಟ್ಟಿದ್ದಾಳೆ, ಯಾಕಂದ್ರೆ ಚಿಕ್ಕೋನು ಏನು ಸಿಕ್ಕಿದ್ರೂ ಮೊದಲು ಬಾಯಿಗೆ ಹಾಕಿ ಟೆಸ್ಟ್ ಮಾಡ್ತಾನೆ. ರಾಣಿ ಪಕ್ಕದಲ್ಲಿ ಒಂದು ಹಸಿರು ಡೈನೋಸಾರ್ ಕಾಣ್ತಿದೆಯಲ್ಲ, ಅದನ್ನ ದೊಡ್ಡೋಳು ಕೂರಿಸಿದ್ದು. ತೆಗೆದ್ರೆ ಅಳ್ತಾಳೆ. ಒಂಬತ್ತು ದಿನಾನೂ ಡೈನೋಸಾರ್‌ಗೆ ಆರತಿ ಆಯ್ತು.

ಗೊಂಬೆ ನೋಡೋಕೆ ಬಿಲ್ಡಿಂಗ್ ಮಕ್ಕಳೆಲ್ಲ ಸಂಜೆ ಬರ್ತಿದ್ರು. ಬಂದವರ ಕೈಗೆ ಉಸ್ಲಿ. ಒಂದಿನ ಕಡ್ಲೆಕಾಳು, ಒಂದಿನ ಹೆಸ್ರುಕಾಳು. ರಾತ್ರಿ ಕಾಳು ನೆನೆಹಾಕಿ ಮಲಗೋಳು, ಆಫೀಸಿಂದ ಬಂದು ಒಗ್ಗರಣೆ ಹಾಕೋಳು ಅಕ್ಕ.

ಎರಡನೇ ಫೋಟೋ: ಆಯುಧಪೂಜೆ. ಭಾವ ಯಶವಂತಪುರ ಮಾರ್ಕೆಟ್ಟಿಂದ ಬಾಳೆಕಂದು, ಬೂದುಗುಂಬಳ, ಚೆಂಡು ಹೂವು ತಂದಿದ್ರು. ಬೈಕಿಗೆ ಪೂಜೆ ಆಯ್ತು, ಅಕ್ಕನ ಆಫೀಸ್ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟಾಯ್ತು, ಚಿಕ್ಕೋನ ಮೂರು ಚಕ್ರದ ಸೈಕಲ್ ಚಕ್ರಕ್ಕೂ ನಿಂಬೆಹಣ್ಣು ಇಟ್ವಿ. ಅವನು ಸೈಕಲ್ ಓಡಿಸ್ಲಿಲ್ಲ, ಇಳಿದು ನಿಂಬೆಹಣ್ಣು ಎತ್ಕೊಂಡು ಓಡಿದ.

3/7

ಈಗ ಸುತ್ತಾಟ. ಪುಟ್ಟ ಮಕ್ಕಳಿರೋ ಅಕ್ಕ ಅಣ್ಣಂದಿರಿಗೆ ಈ ಭಾಗ ಫಾರ್ವರ್ಡ್ ಮಾಡಿ. ಮಾಲ್‌ಗೆ ಹೋಗಿ ಎರಡು ಸಾವಿರ ಖರ್ಚು ಮಾಡೋ ಅಗತ್ಯ ಇಲ್ಲ.

ಸೆಪ್ಟೆಂಬರ್ 27, ನಾಲ್ಕನೇ ಶನಿವಾರ: ಯಲಹಂಕದಿಂದ ಟ್ರೈನಲ್ಲಿ ನಂದಿ ಹಾಲ್ಟ್. ಚಿಕ್ಕಬಳ್ಳಾಪುರದ ಲೈನು. ಒಂದು ಕಾಲದಲ್ಲಿ ಇದು ನ್ಯಾರೋ ಗೇಜ್, ಆಟದ ರೈಲಿನ ಥರ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ ಅಂತ ಹೆಸ್ರು ಬರ್ತಾ ಹೋಗುತ್ತೆ, ಹೆಂಚಿನ ಮಾಡಿನ ಹಳೇ ಸ್ಟೇಷನ್‌ಗಳನ್ನ ಈಗ ರಿಪೇರಿ ಮಾಡಿ ಚೆನ್ನಾಗಿಟ್ಟಿದ್ದಾರೆ. ಐದು ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ದೊಡ್ಡೋರ ಟಿಕೆಟ್ಟೂ ಒಂದು ಪ್ಲೇಟ್ ಇಡ್ಲಿಗಿಂತ ಕಮ್ಮಿ. ವಾಪಸ್ ಟ್ರೈನ್ ಟೈಮ್ ಮಾತ್ರ ಮೊದಲೇ ನೋಡ್ಕೊಳ್ಳಿ, ದಿನಕ್ಕೆ ಕೆಲವೇ ಇರೋದು.

ಸ್ಟೇಷನ್ನಿಂದ ಆಟೋದಲ್ಲಿ ಭೋಗನಂದೀಶ್ವರ ದೇವಸ್ಥಾನ. ಬೆಟ್ಟದ ಮೇಲಲ್ಲ, ಬುಡದಲ್ಲಿ, ನಂದಿ ಊರಲ್ಲೇ. 9ನೇ ಶತಮಾನದಷ್ಟು ಹಳೇದು. ದೊಡ್ಡೋಳಿಗೆ ಶತಮಾನ ಗೊತ್ತಾಗಲ್ಲ, ಕಲ್ಯಾಣಿ ಮೆಟ್ಟಿಲು ಗೊತ್ತಾಗುತ್ತೆ. ಎಣಿಸ್ತಾ ಇಳಿದ್ಳು, ಹತ್ತೊಂಬತ್ತು ಆದ್ಮೇಲೆ ‘ಹತ್ತತ್ತು’ ಅಂದ್ಳು. ಭಾವ ಅವಳ ಕೈ ಬಿಡ್ಲೇ ಇಲ್ಲ. ಕೋತಿ ನಮ್ಮ ಚಿತ್ರಾನ್ನದ ಡಬ್ಬಿ ಮುಚ್ಚಳ ಎತ್ಕೊಂಡು ಹೋಯ್ತು. (ಐದನೇ ಫೋಟೋ, ಕೋತಿ ಕೈ ಮಾತ್ರ ಸಿಕ್ಕಿದೆ.)

ಮಾರನೇ ದಿನ ಭಾನುವಾರ, ಬೆಳಗ್ಗೆ ಜಕ್ಕೂರು ಕೆರೆ. ಫ್ರೀ. ಹೆಜ್ಜಾರ್ಲೆ ಹಕ್ಕಿ ನೋಡಿ ಚಿಕ್ಕೋನು “ಏರೋಪ್ಲೇನು” ಅಂದ. ನಿಜಾನೇ, ಇಳಿಯೋದು ಥೇಟ್ ಹಂಗೇ.

ಅಲ್ಲಿಂದ ಬಿಎಂಟಿಸಿ ಬಸ್ಸಲ್ಲಿ ಆರ್.ಟಿ. ನಗರ, ಅಕ್ಕನ ಅತ್ತೆ ಮನೆಗೆ. 2023ರ ಜೂನಿಂದ ಶಕ್ತಿ ಯೋಜನೆ ಇದೆಯಲ್ಲ, ನಂಗೆ ಅಕ್ಕಂಗೆ ಫ್ರೀ, ಮಕ್ಕಳು ತೊಡೆ ಮೇಲೆ. ಐದು ಜನರಲ್ಲಿ ಟಿಕೆಟ್ ಭಾವಂಗೊಬ್ರಿಗೇ. “ನಾನೊಬ್ನೇ ದುಡ್ಡು ಕೊಟ್ಟು ಬಂದಿರೋ ಪ್ಯಾಸೆಂಜರ್ರು, ಕಿಟಕಿ ಸೀಟು ನಂಗೆ” ಅಂದ್ರು. ಸಿಗ್ಲಿಲ್ಲ, ದೊಡ್ಡೋಳು ಕೂತಾಗಿತ್ತು.

4/7

ಈಗ ಒಂದ್ಸಲ ಹತ್ತೂ ಫೋಟೋ ಹಿಂದಕ್ಕೆ ಸ್ವೈಪ್ ಮಾಡಿ. ಅಕ್ಕ ಎಷ್ಟರಲ್ಲಿ ಇದ್ದಾಳೆ? ಎರಡು. ಒಂದರಲ್ಲಿ ಬೆನ್ನು, ಒಂದರಲ್ಲಿ ಕೈ, ಕೈಯಲ್ಲಿ ವೆಟ್ ವೈಪ್ಸು.

ನಂದಿಗೆ ಹೋದ ದಿನ ನಾನು ಸುಮ್ನೆ ಫೋನಲ್ಲಿ ಟೈಮ್ ಬರ್ಕೊಂಡಿದ್ದೆ. ಅಕ್ಕ ಎದ್ದಿದ್ದು 5:10ಕ್ಕೆ. ಚಿತ್ರಾನ್ನ, ಮೊಸರನ್ನ, ಚಿಕ್ಕೋನಿಗೆ ಖಾರ ಇಲ್ಲದ ಬೇರೆ ಅನ್ನ, ಹಾಲಿನ ಫ್ಲಾಸ್ಕು, ಡೈಪರ್ ನಾಲ್ಕು, ಜ್ವರದ ಸಿರಪ್ಪು, ಇಬ್ಬರಿಗೂ ಎರಡೆರಡು ಜೊತೆ ಬಟ್ಟೆ, ಟೋಪಿ, ದೊಡ್ಡೋಳು ತಬ್ಕೊಂಡು ಮಲಗೋ ಹಳೇ ಟವೆಲ್ಲು. ಮನೆ ಬಿಟ್ಟಿದ್ದು 7:30ಕ್ಕೆ. ಅಂದ್ರೆ 140 ನಿಮಿಷ. ವಾಪಸ್ ಬಂದು ಡಬ್ಬಿ ತೊಳೆದು, ಬಟ್ಟೆ ನೆನೆಹಾಕಿ, ಇಬ್ಬರನ್ನೂ ಮಲಗಿಸೋಕೆ ಇನ್ನೊಂದು 95 ನಿಮಿಷ. ಒಟ್ಟು 235. ನಂದು ಜಡೆ ಹಾಕಿ, ಬಟ್ಟೆ ಹಾಕಿ 35. ಭಾವಂದು ನೀರು ತುಂಬಿಸಿ, ಗ್ಯಾಸ್ ಆಫ್ ಮಾಡಿ, ಬೀಗ ಹಾಕಿ 20.

ನಮ್ಮ ಭಾವ ಒಳ್ಳೇರು, ಸುತ್ತಾಟದಲ್ಲಿ ಚಿಕ್ಕೋನನ್ನ ದಿನವಿಡೀ ಹೆಗಲ ಮೇಲೆ ಹೊತ್ಕೊಂಡಿದ್ರು. ಇದು ಒಂದು ಮನೆ ಕಥೆ ಅಲ್ಲ. ಕೇಂದ್ರ ಸರ್ಕಾರ 2024ರಲ್ಲಿ ಮಾಡಿದ ಟೈಮ್ ಯೂಸ್ ಸರ್ವೆ ಪ್ರಕಾರ, ಸಂಬಳ ಇಲ್ಲದ ಮನೆಗೆಲಸ ಮಾಡೋರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಮಾಡ್ತಾರೆ, ಗಂಡಸರು 88. ಮಕ್ಕಳು ವಯಸ್ಸಾದೋರನ್ನ ನೋಡ್ಕೊಳ್ಳೋ ಲೆಕ್ಕ ಇದರಲ್ಲಿ ಸೇರಿಲ್ಲ, ಅದು ಬೇರೆ.

ಎಕನಾಮಿಕ್ಸ್ ಕ್ಲಾಸಲ್ಲಿ ಓದಿದ್ದೀವಲ್ಲ: ದರ್ಶಿನೀಲಿ ತಿಂದ ಚಿತ್ರಾನ್ನ ಜಿಡಿಪಿಗೆ ಸೇರುತ್ತೆ, ಅಕ್ಕ ಮಾಡಿದ್ದು ಸೇರಲ್ಲ. ಕೋತಿಗೆ ಈ ವ್ಯತ್ಯಾಸ ಗೊತ್ತಾಗ್ಲಿಲ್ಲ.

5/7

ಆರ್.ಟಿ. ನಗರದ ಊಟ ಆದ್ಮೇಲೆ ಮಾತು ಬಂತು. ಸ್ಕೂಲಿಗೆ ರಜೆ ಅಂತ ಡೇಕೇರಲ್ಲಿ ದೊಡ್ಡೋಳಿಗೆ ಇಡೀ ದಿನದ ಎಕ್ಸ್‌ಟ್ರಾ ಫೀಸು. ಹಬ್ಬದ ದಿನಗಳಲ್ಲಿ ಡೇಕೇರಿಗೇ ರಜೆ. ಅಕ್ಕನ ಲೀವ್ ಎಲ್ಲ ಮಕ್ಕಳ ಜ್ವರಕ್ಕೇ ಮುಗಿದಿದೆ. ಅದಕ್ಕೇ ಅವಳಿಗೆ ಎರಡು ಹಬ್ಬ ಒಂದೇ ದಿನ ಬಂದಿದ್ದು ಖುಷಿ: ಡೇಕೇರ್ ಮುಚ್ಚೋ ದಿನ ಒಂದು ಕಮ್ಮಿ.

ಅತ್ತೆ ಪಾಪ ಪ್ರೀತಿಯಿಂದಲೇ ಅಂದ್ರು: “ನೋಡಮ್ಮ, ನಿನ್ನ ಸಂಬಳದಲ್ಲಿ ಅರ್ಧದಷ್ಟು ಡೇಕೇರಿಗೇ ಹೋಗುತ್ತೆ. ನನ್ನ ಮಂಡಿ ನೆಟ್ಟಗಿದ್ದಿದ್ರೆ ನಾನೇ ನೋಡ್ಕೋತಿದ್ದೆ. ಉಳಿಯೋ ನಾಲ್ಕು ಕಾಸಿಗೆ ಯಾಕಿಷ್ಟು ಒದ್ದಾಡ್ತೀಯ?”

ಅಕ್ಕ “ನೋಡೋಣ ಅತ್ತೆ” ಅಂದ್ಳು. ಆ ರಾತ್ರಿ ಮಕ್ಕಳು ಮಲಗಿದ ಮೇಲೆ ರಾಜೀನಾಮೆ ಮೇಲ್ ಟೈಪ್ ಮಾಡಿ ಡ್ರಾಫ್ಟಲ್ಲಿ ಇಟ್ಳು. ನಂಗೇ ತೋರಿಸಿದ್ಳು, ಸ್ಪೆಲಿಂಗ್ ನೋಡು ಅಂತ.

ಸ್ಪೆಲಿಂಗ್ ಸರಿಯಿತ್ತು. ಲೆಕ್ಕ ಸರಿಯಿರ್ಲಿಲ್ಲ.

6/7

ಬಿಕಾಂ ಜನಗಳೇ, ಇಲ್ಲಿ ಗಮನ ಕೊಡಿ. ಅಕ್ಕ ಒಪ್ಪಿಗೆ ಕೊಟ್ಟ ಮೇಲೇ ಈ ನಂಬರ್ ಹಾಕ್ತಿರೋದು.

ಅಕ್ಕನ ಕೈಗೆ ಬರೋದು 28,000. ಭಾವನ ಕೈಗೆ 34,000. ಇಬ್ಬರು ಮಕ್ಕಳ ಡೇಕೇರ್ 11,000. ಎಲ್ಲರೂ ಮಾಡೋ ಲೆಕ್ಕ: 28,000ದಲ್ಲಿ 11,000 ಕಳೆದ್ರೆ 17,000. “ಇಷ್ಟಕ್ಕೋಸ್ಕರನಾ?”

ಪೂರ್ತಿ 11,000 ಯಾಕೆ ಅಕ್ಕನ ಸಂಬಳದಿಂದ ಮಾತ್ರ ಕಳೀತೀವಿ? ಮಕ್ಕಳು ಇಬ್ಬರದೂ. ಡೇಕೇರ್ ಇರೋದ್ರಿಂದ ಭಾವನೂ ಪೀಣ್ಯಕ್ಕೆ ಹೋಗ್ತಾರೆ. ಡಿಪಾರ್ಟ್‌ಮೆಂಟಲ್ ಅಕೌಂಟ್ಸಲ್ಲಿ ಎರಡು ಡಿಪಾರ್ಟ್‌ಮೆಂಟಿನ ಕಾಮನ್ ಖರ್ಚನ್ನ ಒಂದೇ ಡಿಪಾರ್ಟ್‌ಮೆಂಟಿನ ತಲೆಗೆ ಕಟ್ಟಿದ್ರೆ ಮೇಡಂ ಸೊನ್ನೆ ಕೊಡ್ತಾರೆ. ಅನುಪಾತದಲ್ಲಿ ಹಂಚ್ಬೇಕು. 28:34ರಲ್ಲಿ ಹಂಚಿದ್ರೆ ಅಕ್ಕನ ಪಾಲು 4,968, ಭಾವನ ಪಾಲು 6,032. ಅಕ್ಕನಿಗೆ ಉಳಿಯೋದು 23,032.

ಮನೆಗೆ ಉಳಿಯೋ ಒಟ್ಟು ದುಡ್ಡು ಎರಡು ಲೆಕ್ಕದಲ್ಲೂ ಒಂದೇ, ಅದು ನಂಗೂ ಗೊತ್ತು. ಆದ್ರೆ ಮೊದಲ್ನೇ ಲೆಕ್ಕದಲ್ಲಿ ‘ಯಾರು ಕೆಲಸ ಬಿಡ್ಬೇಕು’ ಅನ್ನೋ ಪ್ರಶ್ನೆಗೆ ಉತ್ತರ ಮೊದಲೇ ಬರೆದಿಟ್ಟಿರುತ್ತೆ.

ಇನ್ನೂ ಇದೆ. ಅಕ್ಕನ ಬೇಸಿಕ್ 15,000. ಕಂಪನಿ ಕಡೆಯಿಂದ ಪಿಎಫ್‌ಗೆ 12%, ಅಂದ್ರೆ ತಿಂಗಳಿಗೆ 1,800. ಇದು ಕೈಗೆ ಬರೋ ಸಂಬಳದಲ್ಲಿ ಕಾಣಲ್ಲ. ಆಮೇಲೆ ಗ್ರಾಚ್ಯುಟಿ. ಅದಕ್ಕೆ ಐದು ವರ್ಷ ಸರ್ವಿಸ್ ಆಗ್ಬೇಕು. ಅಕ್ಕನಿಗೆ ನಾಲ್ಕು ವರ್ಷ ಮೂರು ತಿಂಗಳಾಗಿದೆ. ಇನ್ನೊಂಬತ್ತು ತಿಂಗಳಿದ್ರೆ 15,000 × 15/26 × 5, ಸುಮಾರು 43,000. ಈಗ ಬಿಟ್ರೆ ಸೊನ್ನೆ. ಚಿಕ್ಕೋನು ಇನ್ನೊಂದೆರಡು ವರ್ಷಕ್ಕೆ ಸ್ಕೂಲಿಗೆ ಹೋಗ್ತಾನೆ, ಡೇಕೇರ್ ಫೀಸು ಇಳಿಯುತ್ತೆ. ಕೆಲಸದಲ್ಲಿ ಬಿಟ್ಟ ಆ ಎರಡು ವರ್ಷ ಮಾತ್ರ ರೆಸ್ಯೂಮೆಲಿ ಹಂಗೇ ಇರುತ್ತೆ.

ಕೊನೇದು, ಇದನ್ನ ಸೇವ್ ಮಾಡ್ಕೊಳ್ಳಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂತು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರ್ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡ್ಬಹುದು. ಅಕ್ಕನ ಆಫೀಸಲ್ಲಿ 50ಕ್ಕಿಂತ ತುಂಬಾ ಜಾಸ್ತಿ ಜನ ಇದ್ದಾರೆ. ಕೇಂದ್ರ ಇಲ್ಲ. ಯಾರೂ ಕೇಳಿಲ್ಲ ಕೂಡ.

7/7

ಈ ಶೀಟನ್ನ ಆಯುಧಪೂಜೆ ಸಂಜೆ ಪುರಿ ತಿಂತಾ ಇಬ್ಬರ ಮುಂದೆ ಇಟ್ಟೆ. ಭಾವ ತುಂಬಾ ಹೊತ್ತು ನೋಡಿದ್ರು. ಆಮೇಲೆ ಅಕ್ಕನಿಗೆ, “ಶುಕ್ರವಾರ ಡೇಕೇರ್ ಇಲ್ಲ ಅಲ್ವಾ? ನಾನು ಲೀವ್ ಹಾಕ್ತೀನಿ, ನೀನು ಆಫೀಸಿಗೆ ಹೋಗು” ಅಂದ್ರು.

ಹತ್ತನೇ ಫೋಟೋ ಅದೇ ಶುಕ್ರವಾರ, ಅಕ್ಟೋಬರ್ 3. ನಾನು ಕಾಲೇಜಿಂದ ಬಂದಾಗ ತೆಗೆದಿದ್ದು. ಹಾಲ್ ತುಂಬಾ ಪುರಿ, ಚಿಕ್ಕೋನು ದೊಡ್ಡೋಳ ಫ್ರಾಕ್ ಹಾಕ್ಕೊಂಡಿದ್ದಾನೆ (ಅವನ ಬಟ್ಟೆ ಎಲ್ಲಿದೆ ಅಂತ ಭಾವಂಗೆ ಸಿಕ್ಕಿಲ್ಲ), ಪಟ್ಟದ ರಾಜ ಸೋಫಾ ಕೆಳಗೆ ಬಿದ್ದಿದ್ದಾನೆ, ಭಾವ ಗೋಡೆಗೆ ಒರಗಿ ಕೂತಲ್ಲೇ ನಿದ್ದೆ. ಆವತ್ತು ಅಕ್ಕನಿಗೆ ಹನ್ನೊಂದು ಸಲ ಫೋನ್ ಮಾಡಿದ್ರಂತೆ. ಹನ್ನೆರಡನೇ ಸಲ ಮಾಡಿಲ್ಲ, ಸಿಪ್ಪರ್ ಅವರೇ ಹುಡುಕ್ಕೊಂಡ್ರು.

ರಾಜೀನಾಮೆ ಇನ್ನೂ ಡ್ರಾಫ್ಟಲ್ಲೇ ಇದೆ. ಅಳಿಸಿಲ್ಲ, ಕಳಿಸಿಯೂ ಇಲ್ಲ. ಅದರ ಬದಲು ಇನ್ನೊಂದು ಮೇಲ್ ಹೋಯ್ತು, ಎಚ್ಆರ್‌ಗೆ, ಶಿಶುಪಾಲನಾ ಕೇಂದ್ರದ ಬಗ್ಗೆ, ಅಕ್ಕನ ಜೊತೆ ಇನ್ನೂ ಮೂವರು ಅಮ್ಮಂದಿರ ಹೆಸರು ಸೇರಿಸಿ. ಇಬ್ಬರು ಅಪ್ಪಂದಿರೂ ಸೈನ್ ಹಾಕಿದ್ದಾರೆ. ಉತ್ತರ ಬಂದ್ರೆ ಇಲ್ಲೇ ಹೇಳ್ತೀನಿ.

ನಿಮಗೆ ಈ ವಾರದ ಹೋಂವರ್ಕು: ನಿಮ್ಮನೇಲಿ, ಅಕ್ಕಪಕ್ಕದಲ್ಲಿ, ‘ಅವಳ ಸಂಬಳ ಎಲ್ಲಾ ಮಕ್ಕಳಿಗೇ ಹೋಗುತ್ತೆ’ ಅಂತ ಯಾರಾದ್ರೂ ಅಂದ್ರೆ ಜಗಳ ಮಾಡ್ಬೇಡಿ. ಒಂದು ಹಾಳೆ, ಒಂದು ಪೆನ್ನು ತಗೊಂಡು ಎರಡೂ ಸಂಬಳ ಮೇಲ್ಗಡೆ ಬರೀರಿ. ಆಮೇಲೆ ಖರ್ಚು ಕಳೀರಿ. ಏನ್ ಉತ್ತರ ಬಂತು ಅಂತ ಕಾಮೆಂಟಲ್ಲಿ ಹಾಕಿ, ನಾನು ಟೋಟಲ್ ಚೆಕ್ ಮಾಡ್ಕೊಡ್ತೀನಿ.

ಮುಂದಿನ ಕ್ಯಾಪ್ಷನ್: ದೀಪಾವಳಿ ಪಟಾಕಿ ಬಜೆಟ್ಟು, ದೊಡ್ಡೋಳ ಬೇಡಿಕೆ ಪಟ್ಟಿ ಸಮೇತ.

#ನಮ್ಮನೆಲೆಕ್ಕ #ಯಲಹಂಕ #ದಸರಾರಜೆ #ಬಿಕಾಂಬದುಕು