ಎರಡು ಮಸೂರಗಳು

ಪದಾರ್ಥಕ್ಕೆ ಬೆಲೆಯಿಡುವುದು ಅಂಗಡಿಯವನ ಕೆಲಸ. ಅದು ತನಗೆಷ್ಟು ಅವಶ್ಯವೆಂದು ಅಳೆಯುವುದು ಕೊಳ್ಳುವವನ ಕೆಲಸ. ಮೊದಲನೆಯದು ಸುಲಭ; ಎರಡನೆಯದು ಬಲ್ಲವರಿಗೂ ಕಷ್ಟ. ಮಂಡ್ಯದ ಉಪಾಧ್ಯಾಯರೊಬ್ಬರಿಗೆ ಈ ಕಷ್ಟವು ಛಾಯಾಗ್ರಹಣದ ಹವ್ಯಾಸದಿಂದ ಪ್ರಾಪ್ತವಾಯಿತು.

ಭಾನುವಾರಗಳಲ್ಲಿ ರಂಗನತಿಟ್ಟಿಗೆ ಹೋಗುವುದು ಅವರ ವಾಡಿಕೆ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಆ ಕಾವೇರಿಯ ನಡುಗಡ್ಡೆಗಳಲ್ಲಿ ಹೆಜ್ಜಾರ್ಲೆ, ಬಾಯ್ಕಳಕ, ಬಣ್ಣದ ಕೊಕ್ಕರೆಗಳು ಗೂಡುಕಟ್ಟುತ್ತವೆ. ಸಾಮಾನ್ಯ ಲೆನ್ಸಿನಿಂದ ತೆಗೆದ ಚಿತ್ರಗಳಲ್ಲಿ ಹಕ್ಕಿಯು ಸಾಸಿವೆಕಾಳಿನಷ್ಟೇ ಕಾಣುತ್ತಿದ್ದುದರಿಂದ, ಅವರು ಟೆಲಿಫೋಟೋ ಜೂಮ್ ಲೆನ್ಸೊಂದಕ್ಕಾಗಿ ನಾಲ್ಕು ವರ್ಷ ಹಣ ಕೂಡಿಟ್ಟರು. ಗೂಡಿಗೆ ಮರಳುವ ಕೊಕ್ಕರೆಯ ಸಂಜೆಯ ಹಾರಾಟವೇ ಅವರ ಮುಖ್ಯವಾದ ಆಸೆ.

ಎರಡು ಬಗೆಯ ಲೆನ್ಸುಗಳನ್ನು ಅವರು ಒಂದು ದಿನದ ಬಾಡಿಗೆಗೆ ತಂದರು. ಅಗ್ಗದ್ದು 75ರಿಂದ 300 ಮಿಲಿಮೀಟರಿನದು, ತೂಕ ಅರ್ಧ ಕಿಲೋ. ದುಬಾರಿಯದು 70ರಿಂದ 200 ಮಿಲಿಮೀಟರಿನದು, ತೂಕ ಒಂದೂವರೆ ಕಿಲೋ. ಬೆಲೆ ಸುಮಾರು ಹತ್ತು ಪಟ್ಟು.

“ಹತ್ತು ಪಟ್ಟು ಕೊಟ್ಟು ಕಡಿಮೆ ದೂರವನ್ನು ಕೊಳ್ಳುವುದೆ?” ಎಂದರು ಅವರ ಪತ್ನಿ.

ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಣವು ದೂರಕ್ಕಲ್ಲ, ಬೆಳಕಿಗೆ. ಅಗ್ಗದ ಲೆನ್ಸು ತನ್ನ ಪೂರ್ಣ ಚಾಚಿನಲ್ಲಿ ಎಫ್/5.6ಕ್ಕಿಂತ ಹೆಚ್ಚಾಗಿ ತೆರೆಯದು. ದುಬಾರಿಯದು ಎಲ್ಲ ಚಾಚಿನಲ್ಲಿಯೂ ಎಫ್/2.8 ಆಗಿ ತೆರೆಯುತ್ತದೆ. ಆದ್ದರಿಂದ ನಾಲ್ಕರಷ್ಟು ಬೆಳಕು ಒಳಬರುತ್ತದೆ. ಒಂದರಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗ ಬೇಕಾದ ಚಿತ್ರಕ್ಕೆ ಇನ್ನೊಂದರಲ್ಲಿ ನಾನೂರನೆಯ ಒಂದು ಭಾಗ ಸಾಕು. ಅಷ್ಟು ತೆರೆಯಬೇಕಾದರೆ ಗಾಜುಗಳು ಅಗಲವಾಗಿರಬೇಕು; ಕಿರಣದ ನಾನಾ ಬಣ್ಣಗಳು ಒಂದೆಡೆ ಕೂಡಲು ವಿಶೇಷ ಜಾತಿಯ ಗಾಜೂ ಬೇಕು. ಬೆಲೆಯೂ ಭಾರವೂ ಅಲ್ಲಿಂದಲೇ ಹುಟ್ಟುತ್ತವೆ.

ನಡುಹಗಲಿನ ಚಿತ್ರಗಳನ್ನು ಅಂಚೆಕಾರ್ಡಿನಷ್ಟು ಅಳತೆಗೆ ಅಚ್ಚುಹಾಕಿಸಿದಾಗ ಯಾವುದು ಯಾವುದರದೆಂದು ಅವರಿಗೇ ತಿಳಿಯಲಿಲ್ಲ. ಹೊತ್ತು ಇಳಿದ ಮೇಲಿನ ಚಿತ್ರಗಳಲ್ಲಿ ಮಾತ್ರ ಭೇದವು ಮುಚ್ಚುವಂತಿರಲಿಲ್ಲ. ಅಗ್ಗದ್ದರಲ್ಲಿ ಹಾರುವ ಕೊಕ್ಕರೆ ಬರಿಯ ಮಸುಕು. ಬಾನಿಗೆ ಎದುರಾದ ಕೊಂಬೆಗಳಿಗೆ ನೇರಿಳೆಯ ಅಂಚು. ದುಬಾರಿಯದರಲ್ಲಿ ರೆಕ್ಕೆಯ ಗರಿಗರಿಯೂ ಸ್ಪಷ್ಟ.

ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಮಗಳು ಬರುವ ಜೂನಿನಲ್ಲಿ ಕಾಲೇಜು ಸೇರಬೇಕಾಗಿತ್ತು. ಪತ್ನಿ ಆಕ್ಷೇಪಿಸಲಿಲ್ಲ. “ಬೇಕಿದ್ದರೆ ಕೊಂಡುಕೊಳ್ಳಿ, ಹಾಸ್ಟೆಲಿನ ಹಣಕ್ಕೆ ಬೇರೆ ದಾರಿ ನೋಡೋಣ” ಎಂದರು. ಆಕ್ಷೇಪಿಸಿದ್ದರೆ ವಾದಿಸಬಹುದಾಗಿತ್ತು, ಒಪ್ಪಿಗೆಯ ಮುಂದೆ ವಾದಕ್ಕೆ ಎಡೆಯಿಲ್ಲ.

ಕೊನೆಗೆ ಅವರು ನಡುಬೆಲೆಯ ಲೆನ್ಸೊಂದನ್ನು ಕೊಂಡರು. ಚಾಚು 300 ಮಿಲಿಮೀಟರು. ಕೈಯ ನಡುಕವನ್ನು ಸರಿತೂಗಿಸುವ ಯಂತ್ರವೂ ಅದರಲ್ಲಿದೆ. ಆ ಯಂತ್ರವು ನಿಲ್ಲಿಸುವುದು ಕೈಯನ್ನು, ಹಾರುವ ರೆಕ್ಕೆಯನ್ನಲ್ಲವೆಂಬುದನ್ನು ಅರಿತೇ ಕೊಂಡರು. ಹಾಸಿಗೆಯಿದ್ದಷ್ಟು ಕಾಲು ಚಾಚಿದವನಿಗೆ ಹಾಸಿಗೆಯ ಗಿಡ್ಡತನ ತಿಳಿಯದೆಂದಲ್ಲ.

ಈಗ ಅವರ ಗೋಡೆಯ ಮೇಲೆ ಬೆಳಗಿನ ಕೊಕ್ಕರೆಗಳ ಒಳ್ಳೆಯ ಚಿತ್ರಗಳಿವೆ. ಸಂಜೆ ಬೆಳಕು ಇಳಿಯುತ್ತಲೇ ಅವರು ಕ್ಯಾಮರಾವನ್ನು ಚೀಲದಲ್ಲಿಟ್ಟು, ದಡದಲ್ಲಿ ಕುಳಿತು, ಹಕ್ಕಿಗಳು ಮರಳುವುದನ್ನು ಬರಿಗಣ್ಣಿನಿಂದ ನೋಡುತ್ತಾರೆ. ರಜೆಗೆ ಬಂದಾಗ ಮಗಳೂ ಜೊತೆಯಲ್ಲಿರುತ್ತಾಳೆ. ಆ ಹೊತ್ತಿನ ಚಿತ್ರವೊಂದೂ ಅವರಲ್ಲಿಲ್ಲ.